ಪೈಥಾನ್ ಬೈನರಿ ಎಕ್ಸ್‌ಟೆನ್ಷನ್ ಲೋಡ್ ಮಾಡುವ ಮುನ್ನ ಪ್ರೊಸೆಸರ್ ಹೊಂದಾಣಿಕೆ ಪರೀಕ್ಷಿಸುವುದು: ಸಮಗ್ರ ಮಾರ್ಗದರ್ಶಿ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಚೀಲದಿಂದ ಸುರುವಿದ ಮೆಣಸಿನಕಾಯಿಯ ಫೋಟೊ ನೋಡಿ ಬಣ್ಣದ ಅಂದಾಜು ಹೇಳುವುದು ಅದರ ಕೆಲಸ. ಫೋಟೊದ ಲಕ್ಷಗಟ್ಟಲೆ ಚುಕ್ಕೆಗಳನ್ನು ಬರೀ ಪೈಥಾನ್‌ನಲ್ಲಿ ಎಣಿಸಹೊರಟರೆ ಚಹಾ ತರಿಸಿ ಕುಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಎಣಿಕೆಯ ಭಾಗವನ್ನಷ್ಟೇ ಸಿ ಭಾಷೆಯಲ್ಲಿ ಬರೆದು ಎಕ್ಸ್‌ಟೆನ್ಷನ್ ಮಾಡಿದೆ, ಅಂದರೆ ಪೈಥಾನ್ ಇಂಪೋರ್ಟ್ ಮಾಡಿಕೊಳ್ಳಬಲ್ಲ ಬೈನರಿ ಫೈಲು. ಹುಬ್ಬಳ್ಳಿ ವಿದ್ಯಾನಗರದ ನನ್ನ ಕೋಣೆಯಲ್ಲಿ, ನನ್ನ ಲ್ಯಾಪ್‌ಟಾಪ್‌ನಲ್ಲಿ, ಎಂಟರ್ ಒತ್ತುವಷ್ಟರಲ್ಲಿ ಉತ್ತರ ಬರುತ್ತಿತ್ತು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ ಹತ್ತಿದೆ.

ಅಂಗಡಿಯ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಬಂದದ್ದು ಎರಡೇ ಶಬ್ದ: ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ಪೈಥಾನ್‌ನ ಎಂದಿನ ಟ್ರೇಸ್‌ಬ್ಯಾಕ್ ಇಲ್ಲ, ಎಷ್ಟನೇ ಸಾಲು ಎಂಬ ಸುಳಿವಿಲ್ಲ. ಪಕ್ಕದಲ್ಲಿ ಕೂತಿದ್ದ ದಿವಾನಜಿ ಕನ್ನಡಕ ಏರಿಸಿ ಓದಿದರು: “ಸರ, ಇಲ್ಲೀಗಲ್ ಅಂತ ಬರಾಕತ್ತೈತಿ ನೋಡ್ರಿ. ಏನರ ಕಳವಿನ ಸಾಫ್ಟ್‌ವೇರ್ ಹಾಕೀರೇನ್ರಿ ಮತ್ತ?”

ಕಳವಿನದಲ್ಲ, ನನ್ನದೇ ಕೈಕೆಲಸ. ತಪ್ಪೂ ನನ್ನದೇ. ಜಿಸಿಸಿ ಕಂಪೈಲರ್‌ಗೆ ‘-ಮಾರ್ಚ್=ನೇಟಿವ್’ ಎಂದು ಹೇಳಿ ಕಟ್ಟಿಸಿದ್ದೆ. ‘ಈ ಯಂತ್ರಕ್ಕೆ ಏನೇನು ಬರುತ್ತದೋ ಎಲ್ಲ ಬಳಸು’ ಎಂದು ಅದರರ್ಥ. ನನ್ನದು 4ನೇ ತಲೆಮಾರಿನ ಕೋರ್ ಐ5, ಎವಿಎಕ್ಸ್2 ಬರುತ್ತದೆ. ಹಲವು ಸಂಖ್ಯೆಗಳನ್ನು ಒಂದೇ ಏಟಿಗೆ ಲೆಕ್ಕ ಹಾಕುವ ಇನ್‌ಸ್ಟ್ರಕ್ಷನ್‌ಗಳ, ಅಂದರೆ ಪ್ರೊಸೆಸರ್‌ಗೆ ಕೊಡುವ ಆಜ್ಞೆಗಳ, ಗುಂಪು ಅದು; ಎವಿಎಕ್ಸ್‌ನ ಮುಂದಿನ ರೂಪ. ಅಂಗಡಿಯದು ಪೆಂಟಿಯಂ ಜಿ3220. ಎರಡೂ ಹ್ಯಾಸ್‌ವೆಲ್ ವಂಶದವೇ. ಆದರೆ ಆ ತಲೆಮಾರಿನ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಇಂಟೆಲ್ ಎವಿಎಕ್ಸ್ ಸೌಲಭ್ಯ ಕೊಡಲೇ ಇಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು, ಒಬ್ಬನಿಗೆ ಬರುವ ವಿದ್ಯೆ ಇನ್ನೊಬ್ಬನಿಗಿಲ್ಲ.

ಅಂದಿನಿಂದ ಯಾವ ಎಕ್ಸ್‌ಟೆನ್ಷನ್ ಬೇರೆ ಊರಿಗೆ ಹೊರಟರೂ ಕೆಳಗಿನ ಪರೀಕ್ಷೆಗಳನ್ನು ಮಾಡಿಯೇ ಕಳಿಸುತ್ತೇನೆ. ಆಜ್ಞೆಗಳನ್ನು ಫೋನಿನಲ್ಲಿ ಹೇಳಿ ಹೊಡೆಸುವಂತೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವೆಲ್ಲ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. ‘ಡಾಟ್’ ಎಂದರೆ ಚುಕ್ಕಿ, ಅದರ ಅಕ್ಕಪಕ್ಕ ಜಾಗ ಬೇಡ; ಫಂಕ್ಷನ್, ಫೈಲುಗಳ ಹೆಸರಿನ ನಡುವೆ ಖಾಲಿ ಜಾಗ ಕಂಡರೆ ಅಲ್ಲಿ ಅಂಡರ್‌ಸ್ಕೋರ್.

ಲೋಡರ್ ಏನು ನೋಡುತ್ತದೆ, ಏನು ನೋಡುವುದಿಲ್ಲ

‘ಇಂಪೋರ್ಟ್’ ಎಂದಾಗ ನಡೆಯುವುದು ಇಷ್ಟು. ಪೈಥಾನ್ ಮೊದಲು ಫೈಲಿನ ಹೆಸರಿನ ಬಾಲ ನೋಡಿ ತನ್ನದೋ ಅಲ್ಲವೋ ತೀರ್ಮಾನಿಸುತ್ತದೆ. ತನ್ನದಾದರೆ ಕಾರ್ಯಾಚರಣಾ ವ್ಯವಸ್ಥೆಯ ಲೋಡರ್ ಕೈಗೆ ಕೊಡುತ್ತದೆ. ಲಿನಕ್ಸ್‌ನಲ್ಲಿ ಆ ಕರೆಯ ಹೆಸರು ‘ಡಿಎಲ್‌ಓಪನ್’. ಲೋಡರ್ ಫೈಲಿನ ತಲೆಬರಹ ಓದಿ ಮೂರು ಸಂಗತಿ ನೋಡುತ್ತದೆ: ಇದು ನನಗೆ ತಿಳಿಯುವ ನಮೂನೆಯ ಫೈಲೇ, 32 ಬಿಟ್ಟೋ 64 ಬಿಟ್ಟೋ, ಯಾವ ಪ್ರೊಸೆಸರ್ ಕುಟುಂಬದ್ದು. ಆಮೇಲೆ ಫೈಲು ಬೇಡುವ ಬೇರೆ ಲೈಬ್ರರಿಗಳನ್ನು ಹುಡುಕುತ್ತದೆ. ಎಲ್ಲ ಸರಿ ಕಂಡರೆ ಒಳಗೆ ಬಿಡುತ್ತದೆ.

ಒಳಗಿರುವ ಒಂದೊಂದು ಇನ್‌ಸ್ಟ್ರಕ್ಷನ್ ಈ ಪ್ರೊಸೆಸರ್‌ಗೆ ತಿಳಿಯುತ್ತದೆಯೇ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಓಡುತ್ತ ಓಡುತ್ತ ಪ್ರೊಸೆಸರ್‌ಗೆ ಗೊತ್ತಿಲ್ಲದ ಇನ್‌ಸ್ಟ್ರಕ್ಷನ್ ಎದುರಾದರೆ ಅದು ಕೈಚೆಲ್ಲುತ್ತದೆ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ 4ನೇ ನಂಬರಿನ ಸಿಗ್ನಲ್ ಕಳಿಸುತ್ತದೆ, ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಇದು ಪೈಥಾನ್‌ನ ಎಕ್ಸೆಪ್ಷನ್ ಅಲ್ಲ. ‘ಟ್ರೈ’, ‘ಎಕ್ಸೆಪ್ಟ್’ ಎಂದು ಎಷ್ಟು ಬೇಲಿ ಹಾಕಿದರೂ ಹಿಡಿಯಲಿಕ್ಕಾಗದು.

ಸಂತೆಯಲ್ಲಿ ಎತ್ತು ಕೊಳ್ಳುವವರು ತಳಿ ಕೇಳಿ ಸುಮ್ಮನಾಗುವುದಿಲ್ಲ. ಹಲ್ಲು ಎಣಿಸುತ್ತಾರೆ, ಕೊನೆಗೆ ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಲೋಡರ್ ತಳಿಯನ್ನಷ್ಟೇ ಕೇಳುತ್ತದೆ. ಹಲ್ಲು ಎಣಿಸುವುದು, ನಡೆಸಿ ನೋಡುವುದು ನಮ್ಮ ಪಾಲಿನ ಕೆಲಸ.

ಹೆಜ್ಜೆ 1: ಓಡುತ್ತಿರುವ ಪೈಥಾನ್ ಯಾವುದು

ಕಂಪ್ಯೂಟರ್ ಯಾವುದು ಎಂಬುದಕ್ಕಿಂತ ಪೈಥಾನ್ ಯಾವುದು ಎಂಬುದು ಮುಖ್ಯ. ಬಹಳ ಮಂದಿ ‘ಯುನೇಮ್ -ಎಂ’ ಹೊಡೆದು, ‘ಎಆರ್ಚ್64’ ಎಂದು ಬಂದರೆ ಎಲ್ಲವೂ 64 ಬಿಟ್ ಎಂದುಕೊಳ್ಳುತ್ತಾರೆ. ಅದು ಕರ್ನಲ್‌ನ ಮಾತು. ರಾಸ್ಪ್‌ಬೆರಿ ಪೈನಲ್ಲಿ 64 ಬಿಟ್ ಕರ್ನಲ್‌ನ ಮೇಲೆ 32 ಬಿಟ್ ವ್ಯವಸ್ಥೆ ಕೂತಿರುವುದು ಸಾಮಾನ್ಯ. ಅಲ್ಲಿ ಪೈಥಾನ್ 32 ಬಿಟ್‌ನದೇ ಇರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಯಾರೋ ಎಂದೋ ಹಾಕಿದ 32 ಬಿಟ್ ಪೈಥಾನ್ ಇರಬಹುದು. ಆ್ಯಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಇಂಟೆಲ್ ಕೋಡನ್ನು ಅನುವಾದಿಸಿ ಓಡಿಸುವ ರೊಸೆಟಾ ಮೂಲಕ ಇಂಟೆಲ್ ಪೈಥಾನ್ ಓಡುತ್ತಿರಬಹುದು.

ಆದ್ದರಿಂದ ಪೈಥಾನ್‌ನನ್ನೇ ಕೇಳಬೇಕು. ‘ಸ್ಟ್ರಕ್ಟ್’ ಮಾಡ್ಯೂಲ್‌ನ ‘ಕ್ಯಾಲ್ಕ್‌ಸೈಜ್’ಗೆ ದೊಡ್ಡಕ್ಷರದ ‘ಪಿ’ ಕೊಟ್ಟು, ಬಂದದ್ದನ್ನು 8ರಿಂದ ಗುಣಿಸಿ. 32 ಅಥವಾ 64 ಬರುತ್ತದೆ. ಇದು ಸುಳ್ಳು ಹೇಳುವುದಿಲ್ಲ. ಜೊತೆಗೆ ‘ಸಿಸ್‌ಕಾನ್ಫಿಗ್’ ಮಾಡ್ಯೂಲ್‌ನ ‘ಗೆಟ್ ಪ್ಲಾಟ್‌ಫಾರ್ಮ್’ ಕರೆಯಿರಿ. ವಿಂಡೋಸ್‌ನಲ್ಲಿ ಅದು ‘ವಿನ್32’, ‘ವಿನ್-ಎಎಂಡಿ64’, ‘ವಿನ್-ಆರ್ಮ್64’ ಇವುಗಳಲ್ಲೊಂದನ್ನು ಕೊಡುತ್ತದೆ. ‘ಎಎಂಡಿ64’ ಎಂದು ಕಂಡು ‘ನಮ್ಮದು ಇಂಟೆಲ್ ಅಲ್ಲೇನ್ರಿ’ ಎಂದು ಗಾಬರಿಯಾಗುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಈ 64 ಬಿಟ್ ವಿನ್ಯಾಸವನ್ನು ಮೊದಲು ತಂದದ್ದು ಎಎಂಡಿ, ಹೆಸರು ಉಳಿದುಕೊಂಡಿತು. ಇಂಟೆಲ್‌ಗೂ ಅದೇ ಫೈಲು.

ಹೆಜ್ಜೆ 2: ಫೈಲಿನ ಹೆಸರು ಓದುವುದು

ಪೈಥಾನ್‌ಗೆ ಪ್ಯಾಕೇಜ್ ಹಾಕುವ ಸಾಧನ ಪಿಪ್. ಅದು ತರುವ, ಮೊದಲೇ ಕಟ್ಟಿಟ್ಟ ಪ್ಯಾಕೇಜಾದ ವೀಲ್ ಫೈಲಿನ ಹೆಸರಲ್ಲೇ ಅರ್ಧ ಕಥೆ ಇರುತ್ತದೆ. ‘ಸಿಪಿ312’ ಎಂದರೆ ಪೈಥಾನ್ 3.12ಕ್ಕೆ ಕಟ್ಟಿದ್ದು. ‘ಮೆನಿಲಿನಕ್ಸ್ 2 17 ಎಕ್ಸ್86 64’ ಎಂದರೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.17 ಅಥವಾ ಅದಕ್ಕಿಂತ ಹೊಸದಿರುವ, 64 ಬಿಟ್ ಇಂಟೆಲ್ ಬಗೆಯ ಲಿನಕ್ಸ್‌ಗೆ. ‘ಮಸಲ್‌ಲಿನಕ್ಸ್’ ಎಂದಿದ್ದರೆ ಆಲ್ಪೈನ್‌ನಂಥ ವ್ಯವಸ್ಥೆಗೆ. ‘ಪಿಪ್ ಡೀಬಗ್ --ವರ್ಬೋಸ್’ ಹೊಡೆದರೆ ನಿಮ್ಮ ಪೈಥಾನ್ ಒಪ್ಪುವ ಹೆಸರುಗಳ ಉದ್ದನೆಯ ಪಟ್ಟಿ ಬರುತ್ತದೆ.

ಈ ಹೆಸರಿನಲ್ಲಿ ಎವಿಎಕ್ಸ್ ಬೇಕೋ ಬೇಡವೋ ಎಂದು ಬರೆಯಲು ಜಾಗವೇ ಇಲ್ಲ. ‘ಎಕ್ಸ್86 64’ ಎಂದಷ್ಟೇ ಇರುತ್ತದೆ, 2006ರ ಕೋರ್ 2 ಡ್ಯುಯೊ ಕೂಡ ಅದೇ, ನಿನ್ನೆ ಬಂದ ಪ್ರೊಸೆಸರ್ ಕೂಡ ಅದೇ. ಹೀಗಾಗಿ ಪಿಪ್ ಯಾವ ತಕರಾರಿಲ್ಲದೆ ಹಾಕಿಕೊಡುತ್ತದೆ. 2018ರಲ್ಲಿ ಮಷಿನ್ ಲರ್ನಿಂಗ್ ಪ್ಯಾಕೇಜ್ ಟೆನ್ಸರ್‌ಫ್ಲೋ 1.6 ಎವಿಎಕ್ಸ್ ಬಳಸಿ ಕಟ್ಟಿದ ಫೈಲುಗಳನ್ನು ಕೊಡಲು ಶುರುಮಾಡಿದಾಗ ಹಳೆಯ ಯಂತ್ರಗಳವರಿಗೆ ಆದದ್ದು ಇದೇ: ಇನ್‌ಸ್ಟಾಲ್ ಸಲೀಸು, ಇಂಪೋರ್ಟ್ ಮಾಡಿದ ಕೂಡಲೆ ಸಾವು.

ಕಟ್ಟಿದ ಎಕ್ಸ್‌ಟೆನ್ಷನ್‌ನ ಹೆಸರಿಗೂ ಬಾಲವಿರುತ್ತದೆ: ‘ಡಾಟ್ ಸಿಪೈಥಾನ್-312-ಎಕ್ಸ್86 64-ಲಿನಕ್ಸ್-ಗ್ನೂ ಡಾಟ್ ಎಸ್‌ಒ’. ಆರ್ಮ್ ಯಂತ್ರದ (ರಾಸ್ಪ್‌ಬೆರಿ ಪೈ ಥರದವುಗಳಲ್ಲಿರುವ, ಇಂಟೆಲ್‌ಗಿಂತ ಬೇರೆ ಪ್ರೊಸೆಸರ್ ಕುಟುಂಬ) ಪೈಥಾನ್ ಈ ಬಾಲ ತನ್ನದಲ್ಲವೆಂದು ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆಗ ಬರುವ ದೋಷ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’. ಫೈಲು ಕಣ್ಣೆದುರಿಗೇ ಇದೆ, ಪೈಥಾನ್ ಮಾತ್ರ ಇಲ್ಲ ಎನ್ನುತ್ತದೆ! ಜನ ಪಾತ್ ಸರಿಪಡಿಸುತ್ತ ಅರ್ಧ ದಿನ ಕಳೆಯುತ್ತಾರೆ. ಇಂಥದ್ದು ಬಂದರೆ ‘ಇಂಪೋರ್ಟ್‌ಲಿಬ್ ಡಾಟ್ ಮಷಿನರಿ’ಯಲ್ಲಿರುವ, ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ‘ಎಕ್ಸ್‌ಟೆನ್ಷನ್ ಸಫಿಕ್ಸಸ್’ ಪಟ್ಟಿಯನ್ನು ಮುದ್ರಿಸಿ ಫೈಲಿನ ಬಾಲದ ಜೊತೆ ಹೋಲಿಸಿ. ಬಾಲವಿಲ್ಲದೆ ಬರೀ ‘ಡಾಟ್ ಎಸ್‌ಒ’ ಎಂದಿದ್ದರೆ ಪೈಥಾನ್ ಪ್ರಯತ್ನಿಸಿ ನೋಡುತ್ತದೆ, ಆಗ ಲೋಡರ್‌ನ ನಿಜವಾದ ದೋಷ ಕಾಣುತ್ತದೆ.

ಹೆಜ್ಜೆ 3: ತಲೆಬರಹದ 20 ಬೈಟ್

ಕೈಯಾರೆ ನೋಡುವುದಾದರೆ ‘ಫೈಲ್’ ಎಂಬ ಆಜ್ಞೆಗೆ ಎಕ್ಸ್‌ಟೆನ್ಷನ್ ಹೆಸರು ಕೊಟ್ಟರೆ ಸಾಕು, ‘64-ಬಿಟ್’, ‘ಎಕ್ಸ್86-64’ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ‘ರೀಡ್‌ಎಲ್ಫ್ -ಎಚ್’ ಇನ್ನೂ ವಿವರವಾಗಿ ಹೇಳುತ್ತದೆ. ಮ್ಯಾಕ್‌ನಲ್ಲಿ ‘ಲಿಪೊ -ಆರ್ಕ್ಸ್’.

ಪ್ರೋಗ್ರಾಂ ತಾನೇ ನೋಡಿಕೊಳ್ಳಬೇಕೆಂದರೆ ಫೈಲನ್ನು ಬೈನರಿ ರೀತಿಯಲ್ಲಿ ತೆರೆದು ಮೊದಲ 20 ಬೈಟ್ ಓದಿದರೆ ಸಾಕು. ಲಿನಕ್ಸ್‌ನ ಎಲ್ಫ್ ಫೈಲಾದರೆ ಮೊದಲ ಬೈಟ್ ಹದಿನಾರರ ಎಣಿಕೆಯಲ್ಲಿ 7ಎಫ್, ನಂತರ ಇ, ಎಲ್, ಎಫ್ ಎಂಬ ಮೂರು ದೊಡ್ಡಕ್ಷರ. ಐದನೇ ಬೈಟ್ 1 ಇದ್ದರೆ 32 ಬಿಟ್, 2 ಇದ್ದರೆ 64 ಬಿಟ್. ಆರನೇ ಬೈಟ್ 1 ಇದ್ದರೆ ಲಿಟಲ್ ಎಂಡಿಯನ್, ಅಂದರೆ ಸಂಖ್ಯೆಯ ಕಿರಿಯ ಬೈಟ್ ಮೊದಲು. ನಮ್ಮ ಸುತ್ತಮುತ್ತ ಸಿಗುವುದೆಲ್ಲ ಅದೇ. ಕೊನೆಯ ಎರಡು, ಅಂದರೆ 19 ಮತ್ತು 20ನೇ ಬೈಟ್ ಸೇರಿ ಪ್ರೊಸೆಸರ್ ಕುಟುಂಬದ ನಂಬರು: 3 ಎಂದರೆ ಹಳೆಯ 32 ಬಿಟ್ ಇಂಟೆಲ್, 40 ಎಂದರೆ 32 ಬಿಟ್ ಆರ್ಮ್, 62 ಎಂದರೆ ಎಕ್ಸ್86-64, 183 ಎಂದರೆ 64 ಬಿಟ್ ಆರ್ಮ್, 243 ಎಂದರೆ ರಿಸ್ಕ್-ಫೈವ್.

ಈ ನಂಬರನ್ನು ಯಾವುದರ ಜೊತೆ ಹೋಲಿಸಬೇಕು? ನಾನು ಮಾಡುವ ಉಪಾಯ ಇದು: ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ನಲ್ಲಿ ಪೈಥಾನ್‌ನ ಸ್ವಂತ ಫೈಲಿನ ವಿಳಾಸವಿರುತ್ತದೆ. ಅದರ ತಲೆಬರಹವನ್ನೂ ಅದೇ ಫಂಕ್ಷನ್‌ನಿಂದ ಓದಿ, ಎರಡರ ವರ್ಗ ಮತ್ತು ನಂಬರು ಒಂದೇ ಇವೆಯೇ ನೋಡುತ್ತೇನೆ. ಯುನೇಮ್ ಬೇಡ, ಹೆಸರುಗಳ ಗೊಂದಲ ಬೇಡ, ಹೊಸ ಪ್ರೊಸೆಸರ್ ಕುಟುಂಬ ಬಂದರೂ ಪಟ್ಟಿ ತಿದ್ದುವುದು ಬೇಡ. ಮ್ಯಾಕ್‌ನಲ್ಲಿ ಮಾತ್ರ ಈ ಉಪಾಯ ಸೋಲುತ್ತದೆ. ಅಲ್ಲಿನ ಪೈಥಾನ್ ಒಂದೇ ಫೈಲಿನಲ್ಲಿ ಎರಡು ಕುಟುಂಬಕ್ಕೂ ಕೋಡ್ ಹೊತ್ತಿರಬಹುದು. ಅಲ್ಲಿ ‘ಪ್ಲಾಟ್‌ಫಾರ್ಮ್ ಡಾಟ್ ಮಷಿನ್’ ಕೇಳುವುದೇ ಸರಿ.

ವಿಂಡೋಸ್‌ನ ‘ಪಿವೈಡಿ’ ಫೈಲು ಒಂದು ಸುತ್ತು ಹೆಚ್ಚು. ಸೊನ್ನೆಯಿಂದ ಎಣಿಸಿ 60ನೇ ಸ್ಥಾನದಿಂದ ನಾಲ್ಕು ಬೈಟ್ ಓದಿದರೆ ಒಳಗಿನ ತಲೆಬರಹ ಎಲ್ಲಿದೆ ಎಂಬುದು ಸಿಗುತ್ತದೆ. ಆ ಜಾಗಕ್ಕೆ ಹೋಗಿ ನಾಲ್ಕು ಬೈಟ್ ಬಿಟ್ಟು ಮುಂದಿನ ಎರಡು ಬೈಟ್ ಓದಬೇಕು. ಹದಿನಾರರ ಎಣಿಕೆಯಲ್ಲಿ 8664 ಬಂದರೆ 64 ಬಿಟ್, 14ಸಿ ಬಂದರೆ 32 ಬಿಟ್, ಎಎ64 ಬಂದರೆ ಆರ್ಮ್. ಹೊಂದದಿದ್ದರೆ ವಿಂಡೋಸ್ ಕೊಡುವ 193ನೇ ನಂಬರಿನ ದೋಷ ‘ಇದು ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ’ ಎನ್ನುತ್ತದೆ. 64 ಬಿಟ್ ಪೈಥಾನ್‌ಗೆ 32 ಬಿಟ್ ಫೈಲು ಕೊಟ್ಟರೂ ಇದೇ ಮಾತು. ಓದಿದವರಿಗೆ ಇನ್ನಷ್ಟು ತಲೆಕೆಡುತ್ತದೆ.

ಹೆಜ್ಜೆ 4: ಹಲ್ಲು ಎಣಿಸುವುದು

ಇಲ್ಲಿಯವರೆಗಿನದನ್ನು ಲೋಡರ್ ಕೂಡ ಹಿಡಿಯುತ್ತದೆ, ನಾವು ಸ್ವಲ್ಪ ಮುಂಚೆ, ತಿಳಿಯುವ ಮಾತಿನಲ್ಲಿ ಹಿಡಿದೆವು ಅಷ್ಟೇ. ನಿಜವಾದ ಕೆಲಸ ಇಲ್ಲಿಂದ ಶುರು.

2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸೂಸೆ ಸೇರಿ ಎಕ್ಸ್86-64 ಪ್ರೊಸೆಸರ್‌ಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ವಿ1 ಎಂದರೆ ಮೊದಲಿನಿಂದ ಇದ್ದಷ್ಟು. ವಿ2ಕ್ಕೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಮುಂತಾದ ಇನ್‌ಸ್ಟ್ರಕ್ಷನ್‌ಗಳು ಸೇರುತ್ತವೆ. ವಿ3ಕ್ಕೆ ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ, ಬಿಎಂಐ1, ಬಿಎಂಐ2, ಎಲ್‌ಜೆಡ್‌ಕೌಂಟ್ ಮುಂತಾದವು. ವಿ4 ಎಂದರೆ ಎವಿಎಕ್ಸ್-512ರ ಐದು ತುಂಡುಗಳು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ವಿ2 ಬೇಡುತ್ತದೆ, 10ನೆಯದು ವಿ3 ಬೇಡುತ್ತದೆ. ಯಂತ್ರದ ಮಟ್ಟ ತಿಳಿಯಲು ಜಿಲಿಬ್‌ಸಿ 2.33 ಅಥವಾ ನಂತರದ ಲಿನಕ್ಸ್‌ನಲ್ಲಿ ಲೋಡರ್‌ನನ್ನೇ ‘--ಹೆಲ್ಪ್’ ಕೊಟ್ಟು ಓಡಿಸಿ. ‘ಲಿಬ್64’ ಫೋಲ್ಡರ್‌ನಲ್ಲಿರುವ ‘ಎಲ್‌ಡಿ-ಲಿನಕ್ಸ್-ಎಕ್ಸ್86-64 ಡಾಟ್ ಎಸ್‌ಒ ಡಾಟ್ 2’ ಎಂಬ ಫೈಲು ಅದು. ಹೇಳಿಕೆಯ ಕೊನೆಗೆ ಯಾವ ಮಟ್ಟಕ್ಕೆ ‘ಸಪೋರ್ಟೆಡ್’ ಎಂದಿದೆ ನೋಡಿ.

ಹಳೆಯ ಲಿನಕ್ಸ್ ಆದರೆ ‘ಪ್ರೊಕ್’ ಫೋಲ್ಡರ್‌ನ ‘ಸಿಪಿಯುಇನ್ಫೊ’ ಫೈಲು ಇದ್ದೇ ಇದೆ. ‘ಫ್ಲ್ಯಾಗ್ಸ್’ ಎಂಬ ಸಾಲಿನಲ್ಲಿ ಪ್ರೊಸೆಸರ್‌ಗೆ ಬರುವ ಎಲ್ಲ ವಿದ್ಯೆಗಳ ಹೆಸರಿರುತ್ತದೆ. ಆರ್ಮ್‌ನಲ್ಲಿ ಆ ಸಾಲಿನ ಹೆಸರು ‘ಫೀಚರ್ಸ್’. ಇಲ್ಲಿ ಕಾಲು ಜಾರುವ ಜಾಗಗಳಿವೆ. ಎಸ್‌ಎಸ್‌ಇ3 ಎಂದು ಹುಡುಕಿದರೆ ಸಿಗುವುದು ಎಸ್‌ಎಸ್‌ಎಸ್‌ಇ3, ಅದು ಬೇರೆ. ಎಸ್‌ಎಸ್‌ಇ3ಯನ್ನು ಲಿನಕ್ಸ್ ‘ಪಿಎನ್‌ಐ’ ಎಂದು ಬರೆಯುತ್ತದೆ. ಎಲ್‌ಜೆಡ್‌ಕೌಂಟ್ ‘ಎಬಿಎಂ’ ಎಂಬ ಹೆಸರಿನಲ್ಲಿರುತ್ತದೆ. ‘ಗ್ರೆಪ್’ನಿಂದ ಹುಡುಕುವಾಗ ‘-ಡಬ್ಲ್ಯು’ ಹಾಕದಿದ್ದರೆ ‘ಎವಿಎಕ್ಸ್’ ಕೇಳಿದವರಿಗೆ ಬೇರೆಯದೂ ಸಿಕ್ಕಿ ಮೋಸವಾದೀತು. ಪೈಥಾನ್‌ನಲ್ಲಿ ಆ ಸಾಲನ್ನು ಖಾಲಿ ಜಾಗದಲ್ಲಿ ಒಡೆದು ‘ಸೆಟ್’ ಮಾಡಿ, ಬೇಕಾದವುಗಳ ಸೆಟ್ ಅದರೊಳಗಿದೆಯೇ ನೋಡುವುದು ನಿಶ್ಚಿಂತೆ.

ವಿಂಡೋಸ್‌ನಲ್ಲಿ ಇಂಥ ಫೈಲಿಲ್ಲ. ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಪ್ಯಾಕೇಜ್ ಇದ್ದರೆ ‘ಶೋ ರನ್‌ಟೈಮ್’ ಕರೆದಾಗ ಸಿಕ್ಕಿದ್ದು, ಸಿಗದಿದ್ದು ಎರಡನ್ನೂ ಪಟ್ಟಿ ಮಾಡಿಕೊಡುತ್ತದೆ. ಇಲ್ಲದಿದ್ದರೆ ‘ಪೈ-ಸಿಪಿಯುಇನ್ಫೊ’ ಎಂಬ ಪ್ಯಾಕೇಜ್ ಇದೆ.

ಮಾದರಿ ನಂಬರು ನೋಡಿ ಊಹಿಸಬೇಡಿ. ನಮ್ಮ ಪೆಂಟಿಯಂ ಕಥೆ ಹೇಳಿದೆನಲ್ಲ. ಸಣ್ಣ ಡಬ್ಬಿ ಕಂಪ್ಯೂಟರ್‌ಗಳಲ್ಲಿ ಬರುವ ಸೆಲೆರಾನ್ ಜೆ4125ಗೂ ಎವಿಎಕ್ಸ್ ಇಲ್ಲ. ಅದೇ ಅಳತೆಯ ಡಬ್ಬಿಯ ಎನ್100ಗೆ ಎವಿಎಕ್ಸ್2 ಇದೆ. ಹೊಸದಾದಷ್ಟೂ ಹೆಚ್ಚು ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಇಂಟೆಲ್‌ನ 11ನೇ ತಲೆಮಾರಿನ ಕೋರ್‌ಗಳಲ್ಲಿದ್ದ ಎವಿಎಕ್ಸ್-512ನ್ನು 12ನೆಯದರಲ್ಲಿ ತೆಗೆದರು. ಎಎಂಡಿ 2022ರಲ್ಲಿ ಜೆನ್ 4ರಲ್ಲಿ ಅದನ್ನು ತಂದಿತು.

ವರ್ಚುವಲ್ ಯಂತ್ರಗಳದ್ದು ಇನ್ನೊಂದು ರಗಳೆ. ಕೆಳಗಿನ ಪ್ರೊಸೆಸರ್‌ಗೆ ಎಲ್ಲ ಬಂದರೂ ಅಂಥ ಯಂತ್ರಗಳನ್ನು ಓಡಿಸುವ ಕ್ಯೂಎಂಯು ತನ್ನ ಡೀಫಾಲ್ಟ್ ಮಾದರಿಯಲ್ಲಿ ಎವಿಎಕ್ಸ್ ಇಲ್ಲದ ಸಾದಾ ಪ್ರೊಸೆಸರ್ ತೋರಿಸುತ್ತದೆ. ಮಾದರಿಯನ್ನು ‘ಹೋಸ್ಟ್’ ಎಂದು ಬದಲಿಸಬೇಕು. ರೊಸೆಟಾಗೆ ಎವಿಎಕ್ಸ್2 ಬಂದದ್ದು ಮ್ಯಾಕ್‌ಓಎಸ್ ಸಿಕ್ವೊಯಾದಲ್ಲಿ. ಅದಕ್ಕೆ ಹಿಂದಿನ ಮ್ಯಾಕ್‌ನಲ್ಲಿ ಇಂಟೆಲ್ ಪೈಥಾನ್ ಓಡಿಸುತ್ತಿದ್ದರೆ ಎವಿಎಕ್ಸ್ ಬೇಡುವ ಪ್ಯಾಕೇಜ್ ಸಾಯುತ್ತದೆ.

ಸಾಯುವುದೇ ಮೇಲು ಎನಿಸುವ ಒಂದು ಪ್ರಸಂಗವೂ ಇದೆ. ಎಲ್‌ಜೆಡ್‌ಕೌಂಟ್ ಸಂಖ್ಯೆಯ ಮುಂಬದಿಯ ಸೊನ್ನೆ ಬಿಟ್‌ಗಳನ್ನು ಎಣಿಸುತ್ತದೆ. ಅದು ಗೊತ್ತಿಲ್ಲದ ಪ್ರೊಸೆಸರ್ ಅದನ್ನು ಕಂಡಾಗ ನಿಲ್ಲುವುದಿಲ್ಲ. ಅದರ ಮುಂದಿರುವ ಗುರುತನ್ನು ಕಡೆಗಣಿಸಿ, ಬಿಎಸ್‌ಆರ್ ಎಂಬ ಹಳೆಯ ಇನ್‌ಸ್ಟ್ರಕ್ಷನ್ ಎಂದೇ ಓದಿಕೊಂಡು ಮುಂದೆ ಹೋಗುತ್ತದೆ. 32 ಬಿಟ್‌ನ 1 ಎಂಬ ಸಂಖ್ಯೆಗೆ ಎಲ್‌ಜೆಡ್‌ಕೌಂಟ್ 31 ಕೊಡಬೇಕು, ಬಿಎಸ್‌ಆರ್ 0 ಕೊಡುತ್ತದೆ. ದೋಷವಿಲ್ಲ, ಸಿಗ್ನಲ್ ಇಲ್ಲ, ಲೆಕ್ಕ ಮಾತ್ರ ತಪ್ಪು. ಓಡಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ.

ಹೆಜ್ಜೆ 5: ಎಕ್ಸ್‌ಟೆನ್ಷನ್ ಏನು ಬೇಡುತ್ತದೆ

ಯಂತ್ರಕ್ಕೆ ಏನು ಬರುತ್ತದೆ ತಿಳಿಯಿತು. ಫೈಲಿನ ಬೇಡಿಕೆ ತಿಳಿಯುವುದು ಕಷ್ಟ, ಏಕೆಂದರೆ ಅದನ್ನು ಎಲ್ಲೂ ಬರೆದಿಡುವ ರೂಢಿಯಿಲ್ಲ. ಫೈಲಿನ ಇನ್‌ಸ್ಟ್ರಕ್ಷನ್‌ಗಳನ್ನು ಬಿಡಿಸಿ ತೋರಿಸುವ ‘ಆಬ್ಜ್‌ಡಂಪ್ -ಡಿ’ ಹೊಡೆದು, ಅದರಲ್ಲಿ ‘ವೈಎಂಎಂ’ ಎಂಬ ರಿಜಿಸ್ಟರ್ ಹೆಸರು ಎಷ್ಟು ಸಲ ಬಂದಿದೆ ಎಣಿಸಿ. ಬಂದಿದ್ದರೆ ಎವಿಎಕ್ಸ್ ಬಗೆಯದು ಇದೆ. ‘ಜೆಡ್‌ಎಂಎಂ’ ಬಂದರೆ ಎವಿಎಕ್ಸ್-512.

ಆದರೆ ಇದು ಸುಳಿವು ಮಾತ್ರ. ನಂಪೈ ಫೈಲುಗಳಲ್ಲಿ ಎವಿಎಕ್ಸ್-512 ಕೂಡ ಧಾರಾಳವಾಗಿ ಸಿಗುತ್ತದೆ, ಆದರೂ ಹಳೆಯ ಯಂತ್ರದಲ್ಲಿ ಓಡುತ್ತದೆ. ಅದು ಒಂದೇ ಕೆಲಸಕ್ಕೆ ಕೋಡ್‌ನ ಹಲವು ರೂಪ ಇಟ್ಟುಕೊಂಡು, ಯಂತ್ರ ನೋಡಿ ಆಯ್ದುಕೊಳ್ಳುತ್ತದೆ. ತನ್ನ ಕನಿಷ್ಠ ಬೇಡಿಕೆಯೂ ಈಡೇರದಿದ್ದರೆ ಸಾಯದೆ, ‘ಇಂತಿಂಥದ್ದನ್ನು ನಂಬಿ ನನ್ನನ್ನು ಕಟ್ಟಿದ್ದಾರೆ, ನಿಮ್ಮ ಯಂತ್ರದಲ್ಲಿ ಅವಿಲ್ಲ’ ಎಂದು ‘ರನ್‌ಟೈಮ್‌ಎರರ್’ ಎತ್ತುತ್ತದೆ. ಎಕ್ಸ್‌ಟೆನ್ಷನ್ ಎಂದರೆ ಹೀಗಿರಬೇಕು. ಕೋಷ್ಟಕಗಳ ಲೆಕ್ಕಕ್ಕೆ ಬಳಸುವ ಪೋಲಾರ್ಸ್ ಪ್ಯಾಕೇಜ್ ಕೂಡ ಇಂಪೋರ್ಟ್ ಹೊತ್ತಿಗೆ ಪ್ರೊಸೆಸರ್ ಪರೀಕ್ಷಿಸಿ ಎಚ್ಚರಿಕೆ ಮುದ್ರಿಸುತ್ತದೆ.

‘ರೀಡ್‌ಎಲ್ಫ್ -ಎನ್’ ಕೂಡ ಹೊಡೆದು ನೋಡಿ. ಕಟ್ಟಿದವರು ಮನಸ್ಸು ಮಾಡಿದ್ದರೆ ‘ಎಕ್ಸ್86 ಐಎಸ್‌ಎ ನೀಡೆಡ್’ ಎಂಬ ಸಾಲಿನಲ್ಲಿ ಮಟ್ಟ ಬರೆದಿರುತ್ತದೆ.

ಹೆಜ್ಜೆ 6: ನೊಗ ಕಟ್ಟಿ ನಡೆಸುವುದು

ಮುಖ್ಯ ಪ್ರೋಗ್ರಾಂನಲ್ಲಿ ನೇರವಾಗಿ ಇಂಪೋರ್ಟ್ ಮಾಡಿ ನೋಡುವುದು ಬೇಡ. ಸತ್ತರೆ ಎಲ್ಲ ಸತ್ತಂತೆ. ‘ಸಬ್‌ಪ್ರೊಸೆಸ್’ ಮಾಡ್ಯೂಲ್‌ನ ‘ರನ್’ ಬಳಸಿ, ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ಅನ್ನೇ ‘-ಸಿ’ ಜೊತೆ ಬೇರೊಂದು ಮರಿ ಪ್ರೊಸೆಸ್ ಆಗಿ ಎಬ್ಬಿಸಿ, ಅದಕ್ಕೆ ಇಂಪೋರ್ಟ್ ಮಾಡಲು ಹೇಳಿ. ಮರಳಿ ಬರುವ ‘ರಿಟರ್ನ್‌ಕೋಡ್’ 0 ಆದರೆ ಸರಿ. 1 ಆದರೆ ಸಾದಾ ಪೈಥಾನ್ ದೋಷ. ಲಿನಕ್ಸ್‌ನಲ್ಲಿ -4 ಬಂದರೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಶೆಲ್‌ನಿಂದ ನೋಡಿದರೆ ಅದೇ 132 ಎಂದು ಕಾಣುತ್ತದೆ, 128ಕ್ಕೆ 4 ಕೂಡಿಸಿದ್ದು. ವಿಂಡೋಸ್‌ನಲ್ಲಿ 3221225501 ಎಂಬ ಉದ್ದದ ನಂಬರು.

ಬರೀ ಇಂಪೋರ್ಟ್ ಪಾಸಾದರೆ ಸಾಲದು. ಸಾಯಿಸುವ ಇನ್‌ಸ್ಟ್ರಕ್ಷನ್ ಯಾವುದೋ ಫಂಕ್ಷನ್‌ನ ಹೊಟ್ಟೆಯಲ್ಲಿ ಕೂತಿರಬಹುದು. ಆ ಫಂಕ್ಷನ್ ಕರೆಯಿರಿ, ಅದೂ ಮೂರೋ ನಾಲ್ಕೋ ಅಂಶದ ಪಟ್ಟಿಯಿಂದ ಬೇಡ. ಕಂಪೈಲರ್ ಎವಿಎಕ್ಸ್2 ಬಳಸುವುದು ಎಂಟೋ ಹದಿನಾರೋ ಅಂಶಗಳನ್ನು ಒಟ್ಟಿಗೆ ಬಾಚುವ ಮುಖ್ಯ ಸುತ್ತಿನಲ್ಲಿ; ಚಿಲ್ಲರೆ ಅಂಶಗಳನ್ನು ಒಂದೊಂದಾಗಿ ಎಣಿಸುವ ಬಾಲದ ಸುತ್ತು ಬೇರೆ. ಸಣ್ಣ ಪಟ್ಟಿ ಕೊಟ್ಟರೆ ಮುಖ್ಯ ಸುತ್ತು ತಿರುಗುವುದೇ ಇಲ್ಲ, ಪರೀಕ್ಷೆ ಸುಳ್ಳೇ ಪಾಸಾಗುತ್ತದೆ. ನಾನು 1003 ಅಂಶ ಕೊಡುತ್ತೇನೆ: ಮುಖ್ಯ ಸುತ್ತೂ ಓಡಲಿ, ಬಾಲದ ಸುತ್ತೂ ಓಡಲಿ. ಉತ್ತರವನ್ನು ಪೈಥಾನ್‌ನಲ್ಲಿ ಮಾಡಿದ ಲೆಕ್ಕದ ಜೊತೆ ತಾಳೆ ನೋಡಿ. ಎಲ್‌ಜೆಡ್‌ಕೌಂಟ್ ಬಗೆಯ ಕಳ್ಳ ತಪ್ಪು ಸಿಗುವುದು ಅಲ್ಲೇ.

ಹೆಜ್ಜೆ 7: ಸತ್ತರೆ ಕಾರಣ ಹುಡುಕುವುದು

ಪೈಥಾನ್‌ಗೆ ದೊಡ್ಡಕ್ಷರದ ‘-ಎಕ್ಸ್’ ಹಾಕಿ ‘ಫಾಲ್ಟ್‌ಹ್ಯಾಂಡ್ಲರ್’ ಎಂದು ಕೊಟ್ಟು ಓಡಿಸಿ. ಸಾಯುವ ಮುಂಚೆ ಪೈಥಾನ್‌ನ ಯಾವ ಸಾಲಿನಲ್ಲಿತ್ತು ಎಂದು ಹೇಳಿ ಸಾಯುತ್ತದೆ. ಯಾವ ಫೈಲು ಕಾರಣ ಎಂಬುದು ‘ಡಿಮೆಸೇಜ್’ನಲ್ಲಿ ಸಿಗುತ್ತದೆ; ಡಿ-ಎಂ-ಇ-ಎಸ್-ಜಿ ಎಂದು ಹೊಡೆಯಬೇಕು, ಮುಂದೆ ‘ಸುಡೊ’ ಬೇಕಾಗಬಹುದು. ‘ಟ್ರ್ಯಾಪ್ ಇನ್‌ವ್ಯಾಲಿಡ್ ಆಪ್‌ಕೋಡ್’ ಎಂದು ಬರೆದಿರುವ ಸಾಲಿನ ಕೊನೆಗೆ ‘ಡಾಟ್ ಎಸ್‌ಒ’ ಹೆಸರಿರುತ್ತದೆ. ಎಷ್ಟೋ ಸಲ ಸಂಶಯ ಇದ್ದದ್ದು ಒಂದರ ಮೇಲೆ, ಅಲ್ಲಿ ಕಾಣುವುದು ಓಪನ್‌ಬ್ಲಾಸ್ (ನಂಪೈ ಒಳಗೆ ಬಳಸುವ ಗಣಿತದ ಲೈಬ್ರರಿ) ಥರದ ಇನ್ನೊಂದರ ಹೆಸರು.

ಇನ್ನೂ ಒಳಗೆ ಇಳಿಯಬೇಕೆಂದರೆ ‘ಜಿಡಿಬಿ’ಯಲ್ಲಿ ಓಡಿಸಿ, ಸತ್ತ ಜಾಗದಲ್ಲಿ ‘ಎಕ್ಸ್/ಐ $ಪಿಸಿ’ ಹೊಡೆಯಿರಿ. ಇನ್‌ಸ್ಟ್ರಕ್ಷನ್ ಹೆಸರು ‘ವಿ’ಯಿಂದ ಶುರುವಾದರೆ ಎವಿಎಕ್ಸ್ ವಂಶ. ‘ವಿಎಫ್‌ಮ್ಯಾಡ್’ ಎಂದಿದ್ದರೆ ಎಫ್‌ಎಂಎ. ‘ಎಸ್‌ಎಚ್‌ಎಲ್‌ಎಕ್ಸ್’, ‘ಮಲ್‌ಎಕ್ಸ್’ ಎಂದಿದ್ದರೆ ಬಿಎಂಐ2.

ಹೆಜ್ಜೆ 8: ಮದ್ದು

ಬೇರೆಯವರ ಪ್ಯಾಕೇಜ್ ಆದರೆ ಮೊದಲು ಹಳೆಯ ಪ್ರೊಸೆಸರ್‌ಗೆಂದೇ ಕಟ್ಟಿದ ರೂಪ ಇದೆಯೇ ನೋಡಿ. ಪೋಲಾರ್ಸ್‌ಗೆ ಹಿಂದೆ ‘ಪೋಲಾರ್ಸ್-ಎಲ್‌ಟಿಎಸ್-ಸಿಪಿಯು’ ಎಂಬುದಿತ್ತು. ಇಲ್ಲದಿದ್ದರೆ ಪಿಪ್‌ಗೆ ‘--ನೊ-ಬೈನರಿ’ ಹೇಳಿ ಆ ಯಂತ್ರದಲ್ಲೇ ಕಟ್ಟಿಸಿ. ಹೊತ್ತು ಹಿಡಿಯುತ್ತದೆ, ಊಟ ಮುಗಿಸಿ ಬನ್ನಿ. ಕೆಲವೊಮ್ಮೆ ಪರಿಸರದ ಒಂದು ಸಾಲೇ ಸಾಕು: ಜೆಟ್‌ಸನ್ ನ್ಯಾನೊ ಎಂಬ ಸಣ್ಣ ಆರ್ಮ್ ಬೋರ್ಡಿನಲ್ಲಿ ನಂಪೈ 1.19.5 ಇಂಪೋರ್ಟ್ ಮಾಡಿದೊಡನೆ ಸಾಯುತ್ತಿದ್ದಾಗ, ಪೂರ್ತಿ ದೊಡ್ಡಕ್ಷರದ ‘ಓಪನ್‌ಬ್ಲಾಸ್ ಕೋರ್‌ಟೈಪ್’ ವೇರಿಯೇಬಲ್ ಅನ್ನು ದೊಡ್ಡಕ್ಷರದಲ್ಲೇ ‘ಆರ್ಮ್‌ವಿ8’ ಎಂದು ಇಟ್ಟರೆ ಓಡುತ್ತಿತ್ತು. ಆ ಲೈಬ್ರರಿ ಪ್ರೊಸೆಸರ್‌ನ ಗುರುತು ಹಿಡಿಯುವಲ್ಲೇ ಎಡವುತ್ತಿತ್ತು, ಅಷ್ಟೇ.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು. ಧಾರವಾಡದಲ್ಲಿ ಪರಿಚಯದವರೊಬ್ಬರ ಲ್ಯಾಬ್‌ನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಹೋಮ್ ಫೋಲ್ಡರ್, ನೆಟ್‌ವರ್ಕ್ ಮೇಲೆ. ಮುಂದಿನ ಸಾಲಿನ ಹೊಸ ಯಂತ್ರದಲ್ಲಿ ನೇಟಿವ್ ಎಂದು ಕಟ್ಟಿದ್ದು ಪಿಪ್‌ನ ಕ್ಯಾಷ್‌ನಲ್ಲಿ ಕೂತುಬಿಟ್ಟಿತ್ತು. ಹಿಂದಿನ ಸಾಲಿನ ಹಳೆಯ ಯಂತ್ರದಲ್ಲಿ ಪುನಃ ಹಾಕಿದರೂ ಪಿಪ್ ಅದನ್ನೇ ಎತ್ತಿಕೊಡುತ್ತಿತ್ತು. ಒಬ್ಬನೇ ಹುಡುಗ, ಒಂದೇ ಕೋಡ್, ಕುರ್ಚಿ ಬದಲಿಸಿದರೆ ಸಾಯುತ್ತದೆ. “ಈ ಲೈನ್‌ದಾಗ ದೆವ್ವ ಐತಿ ಸರ” ಎಂದಿದ್ದನಂತೆ. ‘ಪಿಪ್ ಕ್ಯಾಷ್ ಪರ್ಜ್’ ಮಾಡಿ, ಇನ್‌ಸ್ಟಾಲ್ ಮಾಡುವಾಗ ‘--ನೊ-ಕ್ಯಾಷ್-ಡಿರ್’ ಹಾಕಿದ ಮೇಲೆ ದೆವ್ವ ಬಿಟ್ಟಿತು.

ಸ್ವಂತ ಎಕ್ಸ್‌ಟೆನ್ಷನ್ ಆದರೆ ಮಾರ್ಚ್ ನೇಟಿವ್ ಬಿಡಿ. ‘-ಮಾರ್ಚ್=ಎಕ್ಸ್86-64-ವಿ2’ ಎಂದು ಮಟ್ಟ ಹೆಸರಿಸಿ; ಜಿಸಿಸಿ 11, ಕ್ಲ್ಯಾಂಗ್ 12ರಿಂದ ಇದು ಬರುತ್ತದೆ. ವಿ3 ಬೇಕೇ ಬೇಕು ಎಂದಾದರೆ ಲಿಂಕರ್‌ಗೆ ‘-ಜೆಡ್ ಎಕ್ಸ್86-64-ವಿ3’ ಕೊಟ್ಟು ಬೇಡಿಕೆಯನ್ನು ಫೈಲಿನಲ್ಲೇ ಬರೆಸಿ. ಆಗ ಜಿಲಿಬ್‌ಸಿ 2.33 ಮತ್ತು ನಂತರದ ಲೋಡರ್ ಬಾಗಿಲಲ್ಲೇ ತಡೆದು ‘ಸಿಪಿಯು ಐಎಸ್‌ಎ ಲೆವೆಲ್’ ಸಾಲದು ಎನ್ನುತ್ತದೆ. ಅದು ‘ಇಂಪೋರ್ಟ್‌ಎರರ್’ ಆಗಿ ಬರುವುದರಿಂದ ‘ಎಕ್ಸೆಪ್ಟ್’ನಲ್ಲಿ ಹಿಡಿಯಬಹುದು. ಒಂದು ಸಾಲಿನ ಖರ್ಚಿಗೆ ಇಷ್ಟು ಲಾಭ ಬೇರೆಲ್ಲೂ ನೋಡಿಲ್ಲ.

ಪರೀಕ್ಷೆಯನ್ನು ಸಿ ಕೋಡ್‌ನೊಳಗೇ ಇಡುತ್ತೇನೆ ಎನ್ನುವವರು ಜಾಗ ನೋಡಿ ಇಡಬೇಕು. ಜಿಸಿಸಿಯಲ್ಲಿ ‘ಬಿಲ್ಟಿನ್ ಸಿಪಿಯು ಸಪೋರ್ಟ್ಸ್’ ಇದೆ, ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್. ಅದಿರುವ ಫೈಲನ್ನೇ ಎವಿಎಕ್ಸ್2 ಹಾಕಿ ಕಂಪೈಲ್ ಮಾಡಿದರೆ, ಪರೀಕ್ಷೆಗೂ ಮುಂಚೆ ಎವಿಎಕ್ಸ್ ಇನ್‌ಸ್ಟ್ರಕ್ಷನ್ ಓಡಬಹುದು. ಸಿ++ ಆದರೆ ಗ್ಲೋಬಲ್ ವಸ್ತುಗಳ ಕನ್‌ಸ್ಟ್ರಕ್ಟರ್‌ಗಳು ಲೋಡ್ ಆಗುವ ಕ್ಷಣದಲ್ಲೇ ಓಡುತ್ತವೆ. ಇನ್‌ಲೈನ್ ಫಂಕ್ಷನ್‌ಗಳ ಕಾಟ ಇನ್ನೂ ಸೂಕ್ಷ್ಮ: ಎರಡು ಫೈಲುಗಳಲ್ಲಿ ಕಟ್ಟಿದ ಒಂದೇ ಇನ್‌ಲೈನ್ ಫಂಕ್ಷನ್‌ನ ಎರಡು ಪ್ರತಿಗಳಲ್ಲಿ ಲಿಂಕರ್ ಒಂದನ್ನು ಉಳಿಸಿಕೊಳ್ಳುತ್ತದೆ, ಅದು ಎವಿಎಕ್ಸ್2ನದೇ ಆಗಬಹುದು. ಆಗ ಸಾದಾ ಕೋಡ್ ಕೂಡ ಅದನ್ನೇ ಕರೆದು ಸಾಯುತ್ತದೆ.

ಈ ಜಂಜಾಟವೇ ಬೇಡವೆಂದು ನಾನು ಬ್ಯಾಡಗಿ ಅಂಗಡಿಗೆ ಎರಡು ಪ್ರತ್ಯೇಕ ಫೈಲು ಕಟ್ಟಿದೆ, ವಿ2ಕ್ಕೊಂದು, ವಿ3ಕ್ಕೊಂದು. ಪ್ಯಾಕೇಜ್‌ನ ‘ಇನಿಟ್’ ಫೈಲಿನಲ್ಲಿ ಶುದ್ಧ ಪೈಥಾನ್ ಕೋಡ್ ಫ್ಲ್ಯಾಗ್ಸ್ ಓದಿ ಯಾವುದನ್ನು ಇಂಪೋರ್ಟ್ ಮಾಡಬೇಕೆಂದು ಆಯ್ದುಕೊಳ್ಳುತ್ತದೆ. ಎರಡೂ ಆಗದಿದ್ದರೆ ಬರೀ ಪೈಥಾನ್‌ನ ನಿಧಾನದ ರೂಪ ಇದ್ದೇ ಇದೆ, ಚಹಾ ತರಿಸಬೇಕು ಅಷ್ಟೇ. ಆಯ್ದದ್ದು ಯಾವುದು ಎಂದು ಪ್ರೋಗ್ರಾಂ ತೆರೆದ ಕೂಡಲೆ ಪರದೆಯ ಮೊದಲ ಸಾಲಿನಲ್ಲಿ ಮುದ್ರಿಸುತ್ತೇನೆ. ಕಳೆದ ಸೀಸನ್‌ನಲ್ಲಿ ಅಂಗಡಿಯವರು ಕಂಪ್ಯೂಟರ್ ಬದಲಿಸಿದರು. ದಿವಾನಜಿ ಫೋನ್ ಮಾಡಿದರು, ಲೆಕ್ಕ ಭಾಳ ಲಗೂ ಬರಾಕತ್ತೈತಿ, ಏನರ ತಪ್ಪೇತೇನು ಅಂತ ಸಂಶಯ. ಮೊದಲಿನ ಸಾಲು ಓದ್ರಿ ಎಂದೆ.

“ವಿ3 ಅಂತ ಐತ್ರಿ.”